70ರ ಶೆವೆಲ್: ನೆಟ್ಟಗೆ ಬಾಣ, ತಿರುವಿನಲ್ಲಿ ತೆಪ್ಪ. ಸಸ್ಪೆನ್ಷನ್ ಕೆಲಸ ಎಲ್ಲಿಂದ ಶುರು ಮಾಡಲಿ?

ಎಪ್ಪತ್ತರ_ಗಾಡಿ (ಟ್ರಾಯ್, ಮಿಶಿಗನ್), ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಹಳೇ ಅಮೆರಿಕನ್ ಗಾಡಿ ಇಟ್ಟುಕೊಂಡವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಇಂಗ್ಲಿಷಿನಲ್ಲಿ ಕೇಳಿ ಕೇಳಿ ತಲೆ ಕೆಟ್ಟಿದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೇ ಇಲ್ಲಿಗೆ ಬಂದೆ.

ಹೋದ ಅಕ್ಟೋಬರ್‌ನಲ್ಲಿ 1970ರ ಶೆವ್ರೊಲೆ ಶೆವೆಲ್ ಮಾಲಿಬು ತಗೊಂಡೆ. ಎರಡು ಬಾಗಿಲು, 350 ಎಂಜಿನ್, ಆಟೋಮ್ಯಾಟಿಕ್, ಪವರ್ ಸ್ಟಿಯರಿಂಗ್, ಮುಂದೆ ಡಿಸ್ಕ್ ಬ್ರೇಕ್. ಎಸ್‌ಎಸ್ ಅನ್ನುವ ಜೋರು ಮಾದರಿ ಅಲ್ಲ, ಹುಡ್ ಮೇಲಿನ ಪಟ್ಟೆ ಯಾರೋ ಆಮೇಲೆ ಬಳಿದದ್ದು. ನಮ್ಮ ಬೀದಿಯಲ್ಲೇ ಇರುವ ಒಬ್ಬ ಅಜ್ಜನ ಗಾಡಿ. ಚಳಿಗಾಲದಲ್ಲಿ ಹೊರಗೇ ತೆಗೆದಿಲ್ಲ, ಹಾಗಾಗಿ ಈ ಊರಿನ ಉಪ್ಪು ತಿಂದಿಲ್ಲ. ಫ್ರೇಮ್ ಗಟ್ಟಿಯಾಗಿದೆ. ಹಿಂದಿನ ಚಕ್ರದ ಮೇಲ್ಭಾಗದಲ್ಲಿ, ಬಾಡಿ ಮೌಂಟ್ ಹತ್ತಿರ, ಎಲ್ಲ ಕಡೆ ಸುತ್ತಿಗೆಯಿಂದ ತಟ್ಟಿ ನೋಡಿದ್ದೇನೆ.

ಎಂಜಿನ್ ಚಿನ್ನ. ತೊಂದರೆ ಇರುವುದು ಓಡಿಸುವಾಗ. 60 ಮೈಲಿ ವೇಗದಲ್ಲಿ ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಒಂದು ನಿಮಿಷ ಸುಮ್ಮನೆ ಹಿಡಿಯುವ ಹಾಗಿಲ್ಲ, ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ಅಂತ ತಿದ್ದುತ್ತಲೇ ಇರಬೇಕು. ಹೈವೇ ಇಳಿಯುವ ರ‍್ಯಾಂಪಿನಲ್ಲಿ ಮೊದಲು ಮೂತಿ ವಾಲುತ್ತದೆ, ಆಮೇಲೆ ಇಡೀ ಮೈ ವಾಲುತ್ತದೆ, ಆಮೇಲೆ ಬೇಕಾದರೆ ತಿರುಗುತ್ತದೆ. ಊರ ತೇರಿಗೆ ಸನ್ನೆ ಹಾಕಿ ತಿರುಗಿಸಿದ ಹಾಗೆ. ನನ್ನ ಹೆಂಡತಿ ಒಂದೇ ಸಲ ಕೂತಳು, ಮನೆಗೆ ಬಂದು "ತೆಪ್ಪದಲ್ಲಿ ಹೋದ ಹಾಗಾಯಿತು, ಲೈಫ್ ಜಾಕೆಟ್ ಕೊಡಿಸಿ" ಅಂದಳು.

ಇಲ್ಲಿನ ಒಂದು ಅಂಗಡಿಗೆ ತೋರಿಸಿದೆ. ಹತ್ತು ನಿಮಿಷ ನೋಡಿ, ಮುಂದಿನದನ್ನೆಲ್ಲ ಕಿತ್ತು ಕಾಯಿಲ್‌ಓವರ್ ಕಿಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದರಲ್ಲೇ ಇರುವುದು) ಹಾಕಿಸಿ, ಹಿಂದಕ್ಕೂ ಅದೇ ಕಂಪನಿಯದು ಹಾಕಿಸಿ, ಒಟ್ಟು 9 ಸಾವಿರ ಡಾಲರ್ ಅಂದರು. ಇನ್ನೊಂದು ಕಡೆ ಅಲೈನ್ಮೆಂಟ್, ಅಂದರೆ ಚಕ್ರದ ಕೋನ ಹೊಂದಿಸುವುದು, ಮಾಡಿಸಿದೆ. ಹುಡುಗ ಕಂಪ್ಯೂಟರ್‌ನಲ್ಲಿ 1970 ಅಂತ ಒತ್ತಿ ಬಂದ ಅಂಕಿಗೆ ಹೊಂದಿಸಿ ಕೊಟ್ಟ. ಮುಂಚೆಗಿಂತ ಜಾಸ್ತಿ ಅಲೆದಾಡುತ್ತಿದೆ ಅನ್ನಿಸುತ್ತದೆ.

ನನ್ನ ಹತ್ತಿರ ಇರುವುದು 3 ಸಾವಿರ. ಕೆಲಸ ನಾನೇ ಮಾಡಬಲ್ಲೆ, ಬ್ರೇಕ್, ವಾಟರ್ ಪಂಪ್ ಎಲ್ಲ ಮಾಡಿದ ಅನುಭವ ಇದೆ. ರೇಸಿಗೆ ಹೋಗುವ ಹುಚ್ಚು ಇಲ್ಲ. ಆಗಸ್ಟ್‌ನಲ್ಲಿ ಇಲ್ಲಿನ ಹಳೇ ಗಾಡಿಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗಬೇಕು, ಅಲ್ಲಿ ಹೇಗೂ ಆಮೆ ವೇಗ. ಆದರೆ ವಾರಕ್ಕೊಮ್ಮೆ ಹೆದರದೆ ಓಡಿಸುವ ಹಾಗಾಗಬೇಕು. ಮೊದಲು ಏನು ಮಾಡಲಿ? ಸ್ಪ್ರಿಂಗಾ, ಶಾಕಾ, ವಾಲುವುದನ್ನು ತಡೆಯುವ ಸ್ವೇ ಬಾರಾ?


ತಿರುವು_318 (ನಾಕ್ಸ್‌ವಿಲ್, ಟೆನೆಸ್ಸೀ)

ಮೂರೂ ಅಲ್ಲ. ಮೊದಲು ಜಾಕ್ ಹಾಕಿ, ಕೆಳಗೆ ಮಲಗಿ.

ನನ್ನದು 72ರ ಓಲ್ಡ್ಸ್‌ಮೊಬೈಲ್ ಕಟ್ಲಸ್. ಹೆಸರು ಬೇರೆ, ಅಡಿಪಾಯ ನಿಮ್ಮದೇ. ಶೆವೆಲ್, ಕಟ್ಲಸ್, ಪಾಂಟಿಯಾಕ್ ಜಿಟಿಓ, ಬ್ಯೂಕ್ ಸ್ಕೈಲಾರ್ಕ್ ಎಲ್ಲ ಒಂದೇ ತಾಯಿಯ ಮಕ್ಕಳು, ಸಸ್ಪೆನ್ಷನ್ ವಿಷಯದಲ್ಲಿ ಒಂದರ ರೋಗ ಇನ್ನೊಂದಕ್ಕೂ ಇದೆ.

ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳಿ. ಗಾಡಿ ತಂದ ಮೂರನೇ ವಾರಕ್ಕೆ 2 ಇಂಚು ತಗ್ಗಿಸುವ ಸ್ಪ್ರಿಂಗ್ ತಂದು ಹಾಕಿದೆ. ನೋಡಲು ಹುಲಿ. ನಮ್ಮ ಹತ್ತಿರ ಟೇಲ್ ಆಫ್ ದಿ ಡ್ರ್ಯಾಗನ್ ಅಂತ ರಸ್ತೆ ಇದೆ, 11 ಮೈಲಿಯಲ್ಲಿ 318 ತಿರುವು, ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಅಲ್ಲಿ ಎರಡನೇ ಮೈಲಿಗೇ ತಿರುವಿನ ನಡುವೆ ಸಸ್ಪೆನ್ಷನ್ ಅದರ ಕೊನೆಯ ತಡೆಗೆ, ಬಂಪ್ ಸ್ಟಾಪ್‌ಗೆ, ಹೋಗಿ ಬಡಿಯಿತು, ಮುಂದಿನ ಚಕ್ರ ಒಂದು ಅಡಿ ಆಚೆ ಹಾರಿತು. ಆಚೆ ಅಂದರೆ ಎದುರಿನ ಲೇನ್. ಯಾರೂ ಬರುತ್ತಿರಲಿಲ್ಲ, ಬದುಕಿದೆ. ಮನೆಗೆ ಬಂದು ನೋಡಿದರೆ ಹೊಸ ಸ್ಪ್ರಿಂಗಿನ ಪಕ್ಕದಲ್ಲಿ ಹಳೇ ಬುಶ್ (ಕೀಲಿನೊಳಗಿನ ರಬ್ಬರ್ ಕೊಳವೆ) ಹಪ್ಪಳದ ಹಾಗೆ ಬಿರಿದು ಕೂತಿತ್ತು.

ನೀವು ಈ ಶನಿವಾರ ಮಾಡಬೇಕಾದದ್ದು ಇಷ್ಟು. ಟೈರಿನ ಮೇಲೆ ಡಾಟ್ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹಳೇ ಗಾಡಿಯ ಟೈರಿನ ಗೀರು ಆಳವಾಗಿಯೇ ಇರುತ್ತದೆ, ಓಡಿಸಿರುವುದಿಲ್ಲವಲ್ಲ, ಅದನ್ನು ನೋಡಿ ಮೋಸ ಹೋಗಬೇಡಿ. ಆಮೇಲೆ ಎಂಜಿನ್ ಆನ್ ಮಾಡಿ ಒಬ್ಬರು ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಎರಡೆರಡು ಇಂಚು ಆಡಿಸಲಿ, ನೀವು ಮುಂದಿನಿಂದ ಬಗ್ಗಿ ನೋಡಿ. ಸ್ಟಿಯರಿಂಗ್ ಕೋಲಿನ ಬುಡದಲ್ಲಿ ರಬ್ಬರ್ ಬಟ್ಟೆಯ ಬಿಲ್ಲೆ ಇರುತ್ತದೆ, ರ‍್ಯಾಗ್ ಜಾಯಿಂಟ್. ಅಲ್ಲಿಂದ ಶುರು ಮಾಡಿ ಸ್ಟಿಯರಿಂಗನ್ನು ಚಕ್ರಕ್ಕೆ ಮುಟ್ಟಿಸುವ ಐಡ್ಲರ್ ಆರ್ಮ್, ಟೈ ರಾಡ್ ತನಕ ಯಾವುದು ಮೊದಲು ಅಲುಗುತ್ತದೆ, ಯಾವುದು ತಡವಾಗಿ ಅಲುಗುತ್ತದೆ ನೋಡಿ. ತಡ ಎಲ್ಲಿದೆಯೋ ರೋಗ ಅಲ್ಲಿದೆ. ನನ್ನದರಲ್ಲಿ ಐಡ್ಲರ್ ಆರ್ಮ್ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು.

ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ನೋಡುವಾಗ ಜಾಕನ್ನು ಫ್ರೇಮಿಗೆ ಕೊಡಬೇಡಿ, ಚಕ್ರವನ್ನು ಫ್ರೇಮಿಗೆ ಸೇರಿಸುವ ಕೆಳಗಿನ ಕಂಟ್ರೋಲ್ ಆರ್ಮ್‌ಗೆ, ಜಾಯಿಂಟ್ ಪಕ್ಕದಲ್ಲೇ ಕೊಡಿ. ಈ ಗಾಡಿಯಲ್ಲಿ ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮ್ ಮೇಲೆ. ಫ್ರೇಮಿನಿಂದ ಎತ್ತಿದರೆ ಸ್ಪ್ರಿಂಗ್ ಒತ್ತಿ ಹಿಡಿದು ಸವೆದ ಜಾಯಿಂಟನ್ನೂ ಗಟ್ಟಿ ಇದೆ ಅಂತ ತೋರಿಸುತ್ತದೆ.

ಇದಾದ ಮೇಲೆ ಇಲ್ಲಿ ಬಂದು ಬರೆಯಿರಿ. ಅಲ್ಲಿಯ ತನಕ ಕ್ಯಾಟಲಾಗ್ ಮುಟ್ಟಬೇಡಿ.


ಬುಶ್_ಮೇಷ್ಟ್ರು (ನೋವೈ, ಮಿಶಿಗನ್)

ಮೇಲಿನವರು ಹೇಳಿದ್ದು ಸರಿ. ನಾನು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನು, ಹೊಸ ಗಾಡಿಗಳಿಗೆ. ಹಾಗಾಗಿ ಈ ಶೆವೆಲ್ ಯಾಕೆ ಹೀಗೆ ಆಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಬೇಜಾರಾದರೆ ಕೆಳಗಿನ ಅಲೈನ್ಮೆಂಟ್ ಅಂಕಿ ಮಾತ್ರ ತಗೊಳ್ಳಿ.

ಅಂಗೈಯನ್ನು ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಕಿರುಬೆರಳು ಕೆಳಗೆ. ಅದು ಟೈರು ಅಂದುಕೊಳ್ಳಿ. ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲುತ್ತದೆ, ಜೊತೆಗೆ ಅಂಗೈಯನ್ನೂ ವಾಲಿಸುತ್ತದೆ. ಒಳ್ಳೆಯ ಸಸ್ಪೆನ್ಷನ್ ಆದರೆ ಗಾಡಿ ವಾಲಿದಷ್ಟೂ ಚಕ್ರದ ತಲೆಯನ್ನು ಒಳಕ್ಕೆ ಎಳೆದು ಟೈರನ್ನು ನೆಟ್ಟಗೆ ಇಡಲು ನೋಡುತ್ತದೆ. ನಿಮ್ಮ ಗಾಡಿ ಉಲ್ಟಾ. ಇದರ ಮುಂದಿನ ಸ್ಪಿಂಡಲ್, ಅಂದರೆ ಚಕ್ರ ಕೂತಿರುವ ಕಬ್ಬಿಣ, ಗಿಡ್ಡ. ಅದರಿಂದಾಗಿ ಮೇಲಿನ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿ ಕೂತಿದೆ, ಚಕ್ರದ ಕಡೆ ಎತ್ತರವಾಗಿರಬೇಕಾದ ಕೋನ ಸಿಗುವುದೇ ಇಲ್ಲ ಅಥವಾ ಉಲ್ಟಾ ಸಿಗುತ್ತದೆ. ಚಕ್ರ ಮೇಲೆ ಬಂದ ಹಾಗೆ ತಲೆ ಹೊರಗೆ ಹೋಗುತ್ತದೆ. ಟೈರು ಹೊರ ಅಂಚಿನ ಮೇಲೆ ನಿಂತು ಕಿರುಚುತ್ತದೆ. ಮೂತಿ ತಿರುಗುವುದಿಲ್ಲ.

ಆಗಿನ ಎಂಜಿನಿಯರುಗಳು ದಡ್ಡರಲ್ಲ. ಆಗ ಇದ್ದದ್ದು ಬಯಾಸ್ ಪ್ಲೈ ಅನ್ನುವ ಹಳೇ ನಮೂನೆಯ ಟೈರು, 14 ಇಂಚಿನ ಚಕ್ರ, ದಪ್ಪ ಮೆತ್ತನೆ ಪಕ್ಕೆ. ಅದಕ್ಕೆ ಚಕ್ರದ ಕೋನ ಸ್ವಲ್ಪ ಆಚೀಚೆ ಆದರೂ ನಡೆಯುತ್ತಿತ್ತು. ಜೊತೆಗೆ ಸಾಮಾನ್ಯ ಜನ ಹೆದರಿ ಬ್ರೇಕ್ ಒತ್ತಿದರೆ ಹಿಂಭಾಗ ಗಿರಕಿ ಹೊಡೆಯಬಾರದು ಅಂತ ಬೇಕೆಂದೇ ಮೂತಿ ಮೊಂಡಾಗಿ ಇಡುತ್ತಿದ್ದರು. ಬೆರಳಿನಲ್ಲಿ ತಿರುಗುವ ಹಗುರ ಸ್ಟಿಯರಿಂಗ್ ಬೇಕು ಅಂತ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿದ ಕೋನ, ಸೊನ್ನೆಯ ಆಸುಪಾಸು. ಈಗಿನ ರೇಡಿಯಲ್ ಟೈರು ಹಾಕಿದ ದಿನವೇ ಆ ಲೆಕ್ಕ ಎಲ್ಲ ತಲೆಕೆಳಗಾಯಿತು. ನಿಮ್ಮ ಅಂಗಡಿ ಹುಡುಗ 1970ರ ಅಂಕಿಗೆ ಹೊಂದಿಸಿದ ಅಂದಿರಲ್ಲ, ನೇರ ರಸ್ತೆಯಲ್ಲಿ ಅಲೆದಾಡುವುದಕ್ಕೆ ಅದೇ ಅರ್ಧ ಕಾರಣ.

ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ ಕೋನ) ನೆಗೆಟಿವ್, ಅಂದರೆ ಒಳಕ್ಕೆ, ಅರ್ಧ ಡಿಗ್ರಿ, ಕ್ಯಾಸ್ಟರ್ ಪಾಸಿಟಿವ್ 3 ಅಥವಾ ಬಂದಷ್ಟು, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಒಟ್ಟು ಒಂದು ಇಂಚಿನ ಹದಿನಾರನೇ ಒಂದು ಭಾಗ. ಮೇಲಿನ ಆರ್ಮ್‌ನ ಎರಡು ಬೋಲ್ಟಿಗೆ ಶಿಮ್ (ತೆಳು ತಗಡು) ಹಾಕಿ ಹೊಂದಿಸುವುದು, ಎರಡಕ್ಕೂ ಸಮ ಬದಲಿಸಿದರೆ ಕ್ಯಾಂಬರ್, ಒಂದಕ್ಕೆ ಮಾತ್ರ ಬದಲಿಸಿದರೆ ಕ್ಯಾಸ್ಟರ್. ಶಿಮ್ ಗೊತ್ತಿಲ್ಲದ ಹುಡುಗನ ಹತ್ತಿರ ಹೋಗಬೇಡಿ, ಲಾರಿಗಳಿಗೆ ಅಲೈನ್ಮೆಂಟ್ ಮಾಡುವ ಅಂಗಡಿಯಲ್ಲಿ ಒಬ್ಬ ವಯಸ್ಸಾದವರು ಇದ್ದೇ ಇರುತ್ತಾರೆ. ಮೂಲ ಆರ್ಮ್‌ನಲ್ಲಿ 3 ಡಿಗ್ರಿ ಬರಲು ಶಿಮ್ ಕಟ್ಟು ದಪ್ಪ ಆಗುತ್ತದೆ. ಕ್ಯಾಸ್ಟರ್ ಒಳಗೇ ಸೇರಿಸಿ ಮಾಡಿದ ಪೈಪಿನ ಮೇಲಾರ್ಮ್ ಸಿಗುತ್ತದೆ, ಅದರ ಜೊತೆ ಅರ್ಧ ಇಂಚು ಉದ್ದದ ಬಾಲ್ ಜಾಯಿಂಟ್ ಹಾಕಿದರೆ ಸ್ಪಿಂಡಲನ್ನೇ ಉದ್ದ ಮಾಡಿದ ಹಾಗೆ. ಆ ಉಲ್ಟಾ ಕೋನ ಸರಿ ಹೋಗುವುದು ಅಲ್ಲಿ. ನಿಮ್ಮ 3 ಸಾವಿರದಲ್ಲಿ ನನ್ನ ಮೊದಲ ಖರ್ಚು ಅದೇ, ಸ್ಪ್ರಿಂಗ್ ಅಲ್ಲ.

ಸ್ಪ್ರಿಂಗ್ ಬಗ್ಗೆ ಒಂದು ಮಾತು. ಕ್ಯಾಟಲಾಗಿನಲ್ಲಿ ಒಂದು ಇಂಚು ಒತ್ತಲು 550 ಪೌಂಡ್ ಅಂತ ನೋಡಿ ಹೆದರಬೇಡಿ. ಸ್ಪ್ರಿಂಗ್ ಆರ್ಮ್‌ನ ಅರ್ಧದಲ್ಲಿ ಕೂತಿದೆ ಅಂತ ಇಟ್ಟುಕೊಂಡರೆ ಚಕ್ರಕ್ಕೆ ಮುಟ್ಟುವುದು ಅರ್ಧದ ಅರ್ಧ, ಅಂದರೆ 140ರ ಹತ್ತಿರ. ಸ್ವೇ ಬಾರ್ ಕಥೆ ಬೇರೆ, ಅಲ್ಲಿ ದಪ್ಪ ಸ್ವಲ್ಪ ಏರಿದರೂ ಬಿಗಿ ಎದ್ದು ಕೂರುತ್ತದೆ. 1 ಇಂಚಿನದು ತೆಗೆದು ಒಂದೂಕಾಲು ಇಂಚಿನದು ಹಾಕಿದರೆ ಸುಮಾರು ಎರಡೂವರೆ ಪಟ್ಟು ಗಟ್ಟಿ. ವಾಲುವುದು ನಿಲ್ಲಿಸಲು ಮುಂದಿನ ಬಾರ್ ಅಗ್ಗದ ದಾರಿ, ಹಳ್ಳದ ರಸ್ತೆಯಲ್ಲಿ ಸೊಂಟವೂ ಮುರಿಯುವುದಿಲ್ಲ.


ಹಳೇ_ಕಬ್ಬಿಣ (ಸ್ಯಾನ್ ಹೋಸೆ)

ಒಂದು ಮಾತು ಹೇಳಲೇ? 1970ರ ಗಾಡಿ 1970ರ ಹಾಗೆ ಓಡಿದರೆ ಏನು ತಪ್ಪು. ಹೊಸ ಗಾಡಿಯ ಹಾಗೆ ತಿರುಗಬೇಕು ಅಂದರೆ ಹೊಸ ಗಾಡಿ ತಗೊಳ್ಳಬಹುದಲ್ವಾ. ನನ್ನ ಹತ್ತಿರ 66ರ ಜಿಟಿಓ ಇದೆ, ಬುಶ್ ಹೊಸದು, ಶಾಕ್ ಹೊಸದು, ಬಾಕಿ ಎಲ್ಲ ಕಾರ್ಖಾನೆಯದು. ವಾಲುತ್ತದೆ, ನಾನೂ ವಾಲುತ್ತೇನೆ. ಮೂಲ ಸಾಮಾನು ಬಿಚ್ಚಿದರೂ ದಯವಿಟ್ಟು ಎಸೆಯಬೇಡಿ, ಎಣ್ಣೆ ಹಚ್ಚಿ ಡಬ್ಬದಲ್ಲಿ ಇಡಿ. ಬೆಸುಗೆ ಹಾಕುವ, ಫ್ರೇಮ್ ಕತ್ತರಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಆಮೇಲೆ ಮಾರುವ ದಿನ ಅಳುತ್ತೀರಿ.


ತಿರುವು_318

ಬೋಲ್ಟ್ ಹಾಕುವುದಕ್ಕೆ ಸರಿ, ಕತ್ತರಿಸುವುದಕ್ಕೆ ಬೇಡ, ಇದನ್ನು ನಾನೂ ಒಪ್ಪುತ್ತೇನೆ. ಆದರೆ ವಾಲುತ್ತಾ ಎದುರಿನ ಲೇನಿಗೆ ಹೋಗುವುದನ್ನು ಮೂಲ ಸ್ಥಿತಿ ಅಂತ ಕಾಪಾಡುವುದು ನನ್ನಿಂದ ಆಗಲ್ಲ ಸ್ವಾಮಿ.


ಎಪ್ಪತ್ತರ_ಗಾಡಿ, ಮಾರ್ಚ್ 17

ನೋಡಿದೆ. ನಾಚಿಕೆ ಆಗುತ್ತಿದೆ.

ಟೈರಿನ ಅಂಕಿ 2309. ಅಂದರೆ 2009ರ 23ನೇ ವಾರ. ಮಿರಮಿರ ಅನ್ನುತ್ತಿದೆ, ಬಿಳಿ ಅಕ್ಷರ ಕೂಡ ಮಾಸಿಲ್ಲ, ಹೊಸದು ಅಂತಲೇ ಅಂದುಕೊಂಡಿದ್ದೆ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳಲ್ಲ, ಕಲ್ಲು.

ಕೆಳಗಿನ ಆರ್ಮ್‌ನ ಬುಶ್ ನಾಲ್ಕರಲ್ಲಿ ಮೂರು ಹರಿದಿವೆ. ಒಂದರಲ್ಲಿ ರಬ್ಬರೇ ಇಲ್ಲ, ಒಳಗಿನ ಕೊಳವೆ ಹೊರಗಿನದಕ್ಕೆ ತಾಗಿ ಹೊಳೆಯುತ್ತಿದೆ. ಎಡಗಡೆ ಕೆಳ ಬಾಲ್ ಜಾಯಿಂಟ್ ಸಡಿಲ, ಜಾಕನ್ನು ನೀವು ಹೇಳಿದ ಕಡೆ ಕೊಟ್ಟಾಗ ಮಾತ್ರ ಗೊತ್ತಾಯಿತು, ಮುಂಚೆ ಫ್ರೇಮಿನಿಂದ ಎತ್ತಿ ನೋಡಿ ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದೆ. ರ‍್ಯಾಗ್ ಜಾಯಿಂಟ್ ಸರಿ ಇದೆ. ಐಡ್ಲರ್ ಆರ್ಮ್ ಸ್ವಲ್ಪ ಕುಣಿಯುತ್ತದೆ. ಹಿಂದೆ ಸ್ವೇ ಬಾರ್ ಇಲ್ಲವೇ ಇಲ್ಲ. ಹಿಂದಿನ ಬುಶ್ ಎಲ್ಲ ಒಣಗಿ ಬಿರುಕು ಬಿಟ್ಟಿವೆ, ಆದರೆ ಹರಿದಿಲ್ಲ.

ಈಗ ಪ್ರಶ್ನೆ. ಇಡೀ ಗಾಡಿಗೆ, ಮುಂದೆ ಹಿಂದೆ ಎಲ್ಲದಕ್ಕೂ, ಕೆಂಪು ಬಣ್ಣದ ಪಾಲಿಯುರೆಥೇನ್ ಬುಶ್ ಸೆಟ್ ರಿಯಾಯಿತಿಯಲ್ಲಿ ಸಿಗುತ್ತಿದೆ. ರಬ್ಬರಿಗಿಂತ ಗಟ್ಟಿ, ಜೀವನಪೂರ್ತಿ ಬಾಳಿಕೆ ಅಂತ ಬರೆದಿದ್ದಾರೆ. ತಗೊಂಡುಬಿಡಲೇ?


ತಿರುವು_318

ತಗೊಳ್ಳಿ. ನನ್ನದರಲ್ಲಿ ಮುಂದೆ ಪಾಲಿ ಇದೆ, ಆರು ವರ್ಷ ಆಯಿತು. ಜೊತೆಗೆ ಬರುವ ಗ್ರೀಸ್ ಧಾರಾಳವಾಗಿ ಬಳಿಯಿರಿ, ಇಲ್ಲವಾದರೆ ಹಳೇ ಮಂಚದ ಹಾಗೆ ಕಿರ್ ಅನ್ನುತ್ತದೆ. ಹಿಂದೆಯೂ ಹಾಕಿಬಿಡಿ, ಒಂದೇ ಸಲ ಮುಗಿಯುತ್ತದೆ.


ಬುಶ್_ಮೇಷ್ಟ್ರು

ನಿಲ್ಲಿ ನಿಲ್ಲಿ. ಮುಂದೆ ಏನಾದರೂ ಹಾಕಿ. ಹಿಂದಿನ ಮೇಲಾರ್ಮ್‌ಗಳಿಗೆ ಮಾತ್ರ ಪಾಲಿ ಬೇಡವೇ ಬೇಡ.

ನಿಮ್ಮ ಗಾಡಿಯ ಹಿಂದೆ ಲೀಫ್ ಸ್ಪ್ರಿಂಗ್ ಇಲ್ಲ, ಕಾಯಿಲ್ ಸ್ಪ್ರಿಂಗ್, ನಾಲ್ಕು ಆರ್ಮ್. ಕೆಳಗಿನ ಎರಡು ಉದ್ದ, ಹೆಚ್ಚುಕಡಿಮೆ ನೇರ. ಮೇಲಿನ ಎರಡು ಗಿಡ್ಡ, ಓರೆಯಾಗಿ ಕೂತಿವೆ, ಮೇಲಿನಿಂದ ನೋಡಿದರೆ ವಿ ಆಕಾರ. ಆಕ್ಸಲ್ ಪಕ್ಕಕ್ಕೆ ಜಾರದ ಹಾಗೆ ಹಿಡಿದಿರುವುದು ಆ ಓರೆಯೇ. ಆದರೆ ಗಾಡಿ ವಾಲಿದಾಗ ಓರೆ ಆರ್ಮ್ ಬರೀ ಮೇಲೆ ಕೆಳಗೆ ಆಡಿದರೆ ಸಾಲದು, ತಿರುಚಿಕೊಳ್ಳಲೂ ಬೇಕು. ರಬ್ಬರ್ ಹಿಂಡಿಕೊಂಡು ಅದಕ್ಕೆ ಜಾಗ ಕೊಡುತ್ತದೆ. ಪಾಲಿ ಕೊಡುವುದಿಲ್ಲ. ಆಗ ಇಡೀ ಆಕ್ಸಲ್ಲೇ ಒಂದು ದೊಡ್ಡ ಸ್ವೇ ಬಾರ್ ಆಗಿಬಿಡುತ್ತದೆ. ತಿರುವಿನಲ್ಲಿ ಒಂದು ಹಂತದ ತನಕ "ಆಹಾ ಎಷ್ಟು ಗಟ್ಟಿ" ಅನ್ನಿಸುತ್ತದೆ, ಅದರಾಚೆ ಒಳ ಚಕ್ರ ಹಗುರಾಗಿ ಹಿಂಭಾಗ ಫಟ್ಟಂತ ಹಾರುತ್ತದೆ. ಮುನ್ಸೂಚನೆ ಇರುವುದಿಲ್ಲ. ಮಳೆಯಲ್ಲಿ ಇನ್ನೂ ಕಷ್ಟ.

ಹಿಂದಿನ ಮೇಲೆ ರಬ್ಬರ್, ಕೆಳಗೆ ಬೇಕಾದರೆ ಪಾಲಿ. ನಿಮ್ಮಂಥ ರಸ್ತೆ ಗಾಡಿಗೆ ನಾನು ಎಲ್ಲ ಕಡೆಯೂ ಒಳ್ಳೆ ರಬ್ಬರೇ ಹಾಕುತ್ತೇನೆ. ಹೊಸ ರಬ್ಬರ್ ಅಂದರೇನು ಅಂತ ಹಳೇ ಗಾಡಿಯವರು ಮರೆತೇಬಿಟ್ಟಿದ್ದಾರೆ, ಐವತ್ತು ವರ್ಷದ ಹಳಸಲಿಗೆ ಹೋಲಿಸಿ ಪಾಲಿ ಚೆನ್ನ ಅನ್ನುತ್ತಾರೆ.

ಹಿಂದಿನ ಸ್ವೇ ಬಾರ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಈ ಗಾಡಿಯಲ್ಲಿ ಅದು ಫ್ರೇಮಿಗೆ ಕಟ್ಟುವುದಿಲ್ಲ, ಎರಡು ಕೆಳಾರ್ಮ್‌ಗಳ ನಡುವೆ ಬೋಲ್ಟ್ ಆಗುತ್ತದೆ. ಮೂಲ ಕೆಳಾರ್ಮ್ ತಗಡಿನ ದೋಣಿಯ ಹಾಗೆ ಒಂದು ಕಡೆ ತೆರೆದಿದೆ, ಬಾರ್ ಹಾಕಿದರೆ ತಿರುಚುತ್ತದೆ. ಕಾರ್ಖಾನೆಯವರೂ ಎಫ್41 ಅನ್ನುವ ಗಟ್ಟಿ ಸಸ್ಪೆನ್ಷನ್ ಕೊಟ್ಟ ಗಾಡಿಗಳಿಗೆ ಮುಚ್ಚಿದ ಪೆಟ್ಟಿಗೆ ಆರ್ಮ್ ಕೊಟ್ಟೇ ಬಾರ್ ಹಾಕುತ್ತಿದ್ದರು. ಹಾಗಾಗಿ ಬಾರ್ ಬೇಕಾದರೆ ಆರ್ಮ್ ಸಹಿತ ತಗೊಳ್ಳಿ, ತೆಳ್ಳಗಿನ ಬಾರ್ ತಗೊಳ್ಳಿ. ಮುಂದಿನದು ಮುಗಿಸಿ, ಓಡಿಸಿ ನೋಡಿ, ಆಮೇಲೆ.


ತಿರುವು_318

ನನ್ನ ಹಿಂದಿನ ಮೇಲಾರ್ಮ್‌ನಲ್ಲಿ ಇರುವುದು ರಬ್ಬರೇ, ಈಗ ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ. ಹಿಂದೆಯೂ ಹಾಕಿ ಅಂದದ್ದು ವಾಪಸ್.


ಮೈಸೂರ್_ಕಾಂಟೆಸಾ

ನಿಮ್ಮ ದೊಡ್ಡ ಗಾಡಿಗಳ ನಡುವೆ ನನ್ನದೂ ಒಂದು. ಇಲ್ಲಿ ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸಾವನ್ನು ನಮ್ಮ ಮಸಲ್ ಕಾರ್ ಅಂತ ಹುಡುಗರು ಕುಣಿಯುತ್ತಾರೆ, 1.8 ಲೀಟರ್ ಇಸುಜು ಎಂಜಿನ್‌ಗೆ ಎಷ್ಟು ಮಸಲ್ಲು ಅಂತ ಕೇಳಬೇಡಿ. ಆದರೆ ಮುಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್), ಹಿಂದೆ ಕಾಯಿಲ್ ಸ್ಪ್ರಿಂಗ್ ಮೇಲೆ ಗಟ್ಟಿ ಆಕ್ಸಲ್, ಸಂಬಂಧ ದೂರದ್ದಾದರೂ ಇದೆ.

ನನಗೆ ಬುಶ್ ಸಿಗದೆ ಇಲ್ಲಿನ ಒಬ್ಬ ಟರ್ನರ್ ಹತ್ತಿರ ನೈಲಾನಿನಲ್ಲಿ ಕಡೆಸಿ ಹಾಕಿದೆ. ಮೊದಲ ದಿನ ಗಾಡಿ ರೈಲಿನ ಹಾಗೆ ಹೋಯಿತು. ಮೂರನೇ ತಿಂಗಳಿಗೆ ಆರ್ಮ್ ಕೂತಿರುವ ಬ್ರಾಕೆಟ್ಟೇ ಬಿರುಕು ಬಿಟ್ಟಿತು, ಬುಶ್ ಮಾತ್ರ ಹೊಸದರ ಹಾಗೇ ಇತ್ತು. ಮೇಷ್ಟ್ರು ಹೇಳಿದ್ದು ಓದಿದಾಗ ಈಗ ಅರ್ಥ ಆಯಿತು. ಎಲ್ಲೋ ಒಂದು ಕಡೆ ಬಗ್ಗಲೇಬೇಕಲ್ವಾ, ಬುಶ್ ಬಗ್ಗದಿದ್ದರೆ ಕಬ್ಬಿಣ ಬಗ್ಗಿತು.


ಎಪ್ಪತ್ತರ_ಗಾಡಿ, ಮೇ 26

ತಡವಾಯಿತು, ಕ್ಷಮಿಸಿ. ಏಪ್ರಿಲ್ ಪೂರ್ತಿ ಗ್ಯಾರೇಜಿನಲ್ಲೇ ಕಳೆದೆ.

ಹಾಕಿದ್ದು ಇಷ್ಟು. ಮುಂದೆ ಕೆಳಾರ್ಮ್‌ಗೆ ರಬ್ಬರ್ ಬುಶ್, ಹೊಸ ಕೆಳ ಬಾಲ್ ಜಾಯಿಂಟ್, ಪೈಪಿನ ಮೇಲಾರ್ಮ್ ಉದ್ದ ಬಾಲ್ ಜಾಯಿಂಟ್ ಸಹಿತ, ಐಡ್ಲರ್ ಆರ್ಮ್, ಟೈ ರಾಡ್ ತುದಿಗಳು, ಒಂದೂಕಾಲು ಇಂಚಿನ ಮುಂದಿನ ಬಾರ್, ನಾಲ್ಕೂ ಶಾಕ್. ಮುಂದಿನ ಸ್ಪ್ರಿಂಗ್ ಹೊಸದು, 1 ಇಂಚು ಮಾತ್ರ ತಗ್ಗು. ಹಿಂದೆ ಎಲ್ಲ ರಬ್ಬರ್ ಬುಶ್, ಬಾರ್ ಇನ್ನೂ ಇಲ್ಲ. ಚಕ್ರ 15 ಇಂಚಿನದೇ ಇಟ್ಟುಕೊಂಡು ಟೈರ್ ಹೊಸದು ಹಾಕಿದೆ. 17 ಅಥವಾ 18 ಇಂಚಿಗೆ ಹೋದರೆ ಒಳ್ಳೆ ಟೈರ್ ಜಾಸ್ತಿ ಸಿಗುತ್ತದೆ ಅಂತ ಗೊತ್ತು, ಆದರೆ ಆ ರ‍್ಯಾಲಿ ಚಕ್ರ ತೆಗೆಯಲು ಮನಸ್ಸು ಬರಲಿಲ್ಲ. ಒಟ್ಟು 3 ಸಾವಿರದ 400 ಆಯಿತು, ಮನೆಯಲ್ಲಿ 2 ಸಾವಿರದ 800 ಅಂತ ಹೇಳಿದ್ದೇನೆ, ಇಲ್ಲಿ ಯಾರಾದರೂ ನಮ್ಮ ಮನೆಯವರಿಗೆ ಪರಿಚಯ ಇದ್ದರೆ ದಯವಿಟ್ಟು.

ಸ್ಪ್ರಿಂಗ್ ತೆಗೆಯುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಹಾಕಿದೆ, ಅದರ ಮೇಲೆ ದಪ್ಪ ಸರಪಳಿಯನ್ನು ಸ್ಪ್ರಿಂಗ್ ಒಳಗಿಂದ ಫ್ರೇಮಿಗೆ ಸುತ್ತಿ ಬೋಲ್ಟ್ ಹಾಕಿದೆ, ಕೆಳಾರ್ಮ್ ಅಡಿಗೆ ಜಾಕ್ ಕೊಟ್ಟು ಒಂದೊಂದೇ ನೂಲು ಇಳಿಸಿದೆ. ಮಗ ಟಾರ್ಚ್ ಹಿಡಿದಿದ್ದ, ಅವನನ್ನು ಆ ಹತ್ತು ನಿಮಿಷ ಗ್ಯಾರೇಜಿನಿಂದ ಹೊರಗೆ ಕಳಿಸಿದೆ.

ಒಂದು ಎಡವಟ್ಟು ಮಾಡಿದೆ. ಎಲ್ಲ ಜೋಡಿಸಿ ಗಾಡಿ ಇಳಿಸಿದರೆ ಮುಂದೆ ತಗ್ಗುವುದು ಬಿಟ್ಟು ಮುಂಚಿಗಿಂತ ಎತ್ತರ ನಿಂತಿದೆ. ಸ್ಪ್ರಿಂಗ್ ತಪ್ಪು ಬಂದಿದೆ ಅಂತ ಅಂಗಡಿಗೆ ಬೈಯಲು ಫೋನ್ ಕೈಗೆ ತಗೊಂಡಿದ್ದೆ. ಅದಕ್ಕೆ ಮುಂಚೆ ಮೇಷ್ಟ್ರಿಗೆ ಒಂದು ಮೆಸೇಜ್ ಹಾಕಿದೆ. ಅವರು ಕೇಳಿದ್ದು ಒಂದೇ: ಬುಶ್ ಬೋಲ್ಟ್ ಬಿಗಿ ಮಾಡಿದ್ದು ಚಕ್ರ ನೇತಾಡುತ್ತಿದ್ದಾಗಲೋ, ಗಾಡಿ ನೆಲದ ಮೇಲೆ ನಿಂತಾಗಲೋ? ನೇತಾಡುತ್ತಿದ್ದಾಗ. ರಬ್ಬರ್ ಬುಶ್‌ನಲ್ಲಿ ರಬ್ಬರ್ ಒಳ ಕೊಳವೆಗೂ ಹೊರ ಕೊಳವೆಗೂ ಅಂಟಿಕೊಂಡಿರುತ್ತದಂತೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೇ. ನೇತಾಡುವಾಗ ಬಿಗಿ ಮಾಡಿದರೆ ಗಾಡಿ ನಿಂತಾಗ ಎಂಟೂ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತವೆ, ಮೇಲಕ್ಕೆ ತಳ್ಳುತ್ತಲೇ ಇರುತ್ತವೆ, ವರ್ಷದೊಳಗೆ ಹರಿಯುತ್ತವೆ. ನಾಲ್ಕು ಚಕ್ರಕ್ಕೂ ಮರದ ತುಂಡು ಕೊಟ್ಟು ಎತ್ತರಿಸಿ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಅಡಿಗೆ ನುಗ್ಗಿ ಬೋಲ್ಟ್ ಸಡಿಲ ಮಾಡಿದೆ. ಮೊದಲನೇ ಬೋಲ್ಟ್ ಸಡಿಲವಾದ ತಕ್ಷಣ ಗಾಡಿ ನಿಟ್ಟುಸಿರು ಬಿಟ್ಟ ಹಾಗೆ ಅರ್ಧ ಇಂಚು ಇಳಿಯಿತು. ಎಲ್ಲ ಸಡಿಲ ಮಾಡಿ, ಬಂಪರ್ ಮೇಲೆ ಕೂತು ನಾಲ್ಕು ಸಲ ಕುಣಿದು, ಮತ್ತೆ ಬಿಗಿ ಮಾಡಿದೆ. ಈಗ ಸರಿಯಾಗಿ ನಿಂತಿದೆ.

ಅಲೈನ್ಮೆಂಟ್‌ಗೆ ಲಾರಿ ಅಂಗಡಿಗೇ ಹೋದೆ. ನಿಜವಾಗಿಯೂ ಒಬ್ಬ ವಯಸ್ಸಾದವರು ಇದ್ದರು! ಚೀಟಿ ನೋಡಿ ನಕ್ಕು, "ಗೊತ್ತಿರುವವರು ಬರೆದುಕೊಟ್ಟಿದ್ದಾರೆ" ಅಂದರು. ಕ್ಯಾಂಬರ್ ಎರಡೂ ಕಡೆ ನೆಗೆಟಿವ್ ಅರ್ಧ, ಕ್ಯಾಸ್ಟರ್ ಎಡಕ್ಕೆ 4, ಬಲಕ್ಕೆ ನಾಲ್ಕೂಕಾಲು.

ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಹೈನ್ಸ್ ಡ್ರೈವ್‌ಗೆ ತಗೊಂಡು ಹೋದೆ. ಗೊತ್ತಿಲ್ಲದವರಿಗೆ, ಇಲ್ಲಿ ಎಲ್ಲ ರಸ್ತೆಯೂ ಸ್ಕೇಲ್ ಇಟ್ಟು ಗೀಚಿದ್ದು, ಎಡಕ್ಕೆ ಹೋಗಬೇಕಾದರೂ ಬಲಕ್ಕೆ ಹೋಗಿ ಯು-ಟರ್ನ್ ಹೊಡೆಯಬೇಕು. ಹೊಳೆಯ ಪಕ್ಕ ಬಳುಕುತ್ತಾ ಹೋಗುವ ರಸ್ತೆ ಅದೊಂದೇ ನನಗೆ ಹತ್ತಿರ. ಮೊದಲ ತಿರುವಿನಲ್ಲಿ ಹಳೇ ಅಭ್ಯಾಸದಂತೆ ಮುಂಚೆಯೇ ಜಾಸ್ತಿ ತಿರುಗಿಸಿಬಿಟ್ಟೆ, ಗಾಡಿ ತಕ್ಷಣ ಒಳಗೆ ಬಂತು, ಹುಲ್ಲಿಗೆ ಇಳಿಯುವುದರಲ್ಲಿತ್ತು. ಆರು ತಿಂಗಳು ಆ ತೆಪ್ಪಕ್ಕೆ ಹೊಂದಿಕೊಂಡ ಕೈ, ಅದಕ್ಕೂ ಅಲೈನ್ಮೆಂಟ್ ಬೇಕು. ಆಮೇಲೆ ಸರಿ ಹೋಯಿತು. ತಿರುವಿನಿಂದ ಹೊರಗೆ ಬರುವಾಗ ಕೈ ಬಿಟ್ಟರೆ ಸ್ಟಿಯರಿಂಗ್ ತಾನೇ ನಡುವಿಗೆ ಬರುತ್ತದೆ, ಮುಂಚೆ ಹಾಗೆ ಬರುತ್ತಲೇ ಇರಲಿಲ್ಲ. ಹೈವೇಯಲ್ಲಿ ಎರಡು ಬೆರಳು ಸಾಕು.

ಉಳಿದದ್ದು ಒಂದು. ನೇರ ಹಿಡಿದಾಗ ಸ್ಟಿಯರಿಂಗ್‌ನಲ್ಲಿ ಇನ್ನೂ ಒಂದು ಇಂಚಿನಷ್ಟು ಸತ್ತ ಜಾಗ ಇದೆ. ಸ್ಟಿಯರಿಂಗ್ ಬಾಕ್ಸ್ ಮೇಲೆ ಒಂದು ಸ್ಕ್ರೂ ಕಾಣುತ್ತಿದೆ, ತಿರುಗಿಸಿದರೆ ಸರಿ ಹೋಗುತ್ತದಾ?


ತಿರುವು_318

ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ತಿರುಗಿಸಿದ ಮೇಲೆ ಮುಂದಿನ ಚಕ್ರ ಎತ್ತಿ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ನೋಡಿ. ನಡುವೆ ಗಂಟು ಸಿಕ್ಕ ಹಾಗೆ ಬಿಗಿ ಅನ್ನಿಸಿದರೆ ವಾಪಸ್ ಬಿಡಿ. ಜಾಸ್ತಿ ಬಿಗಿ ಮಾಡಿದರೆ ಸ್ಟಿಯರಿಂಗ್ ನಡುವಿಗೆ ಬರುವುದು ನಿಂತುಹೋಗುತ್ತದೆ, ನೀವು ಕ್ಯಾಸ್ಟರ್‌ಗೆ ಕೊಟ್ಟ ದುಡ್ಡೆಲ್ಲ ನೀರಿಗೆ.

ಕಾಲು ಸುತ್ತಿನಲ್ಲಿ ಸರಿ ಹೋಗದಿದ್ದರೆ ಬಾಕ್ಸ್ ಸವೆದಿದೆ. 80ರ ದಶಕದ ಕಮಾರೋ ಐರಾಕ್-ಜೆಡ್ ಬಾಕ್ಸ್ ಹುಡುಕಿ, 12.7ಕ್ಕೆ 1 ಅನುಪಾತ (ಕಡಿಮೆ ಸುತ್ತಿಗೇ ಚಕ್ರ ತಿರುಗುತ್ತದೆ), ನಿಮ್ಮ ಫ್ರೇಮಿಗೆ ಕೂರುತ್ತದೆ. ಹೋಸ್ ಫಿಟ್ಟಿಂಗ್ ಮತ್ತು ರ‍್ಯಾಗ್ ಜಾಯಿಂಟ್ ಮಾತ್ರ ಹೊಂದಿಸಿಕೊಳ್ಳಬೇಕು. ನನ್ನ ಹತ್ತಿರ ಒಂದು ಬಿಡಿ ಇದೆ, ಸೀಲ್ ಹೊಸದು. ಪೋಸ್ಟ್ ಖರ್ಚು ನಿಮ್ಮದು.


ಎಪ್ಪತ್ತರ_ಗಾಡಿ

ಕಾಲು ಸುತ್ತು ತಿರುಗಿಸಿದೆ, ಒಂದು ಇಂಚು ಇದ್ದದ್ದು ಅರ್ಧಕ್ಕೆ ಬಂತು. ಸದ್ಯಕ್ಕೆ ಸಾಕು. ಆ ಬಾಕ್ಸ್ ಯಾರಿಗೂ ಕೊಡಬೇಡಿ, ಕ್ರೂಸ್ ಮುಗಿಯಲಿ. ಮನೆಯಲ್ಲಿ ಆ 2 ಸಾವಿರದ 800ರ ಲೆಕ್ಕವೇ ಇನ್ನೂ ಇತ್ಯರ್ಥ ಆಗಿಲ್ಲ.